ಟ್ರಂಕಿನ ಮೇಲಿನ ಬಿಳಿ ಅಕ್ಷರ

ಮಡಿಕೇರಿಗೆ ಹೋದವರು ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಿ, ಅಬ್ಬಿ ಜಲಪಾತದಲ್ಲಿ ಮೈ ಒದ್ದೆ ಮಾಡಿಕೊಂಡು, ಏಲಕ್ಕಿ, ಜೇನುತುಪ್ಪ ಕಟ್ಟಿಸಿಕೊಂಡು ಹಿಂತಿರುಗುವುದು ವಾಡಿಕೆ. ನಾನೂ ಹಾಗೆ ಮೂರು ನಾಲ್ಕು ಬಾರಿ ಹೋಗಿ ಬಂದವಳೇ. ಈ ಸಲದ ಪ್ರಯಾಣದ ಉದ್ದೇಶ ಮಾತ್ರ ಬೇರೆಯಿತ್ತು. ನನ್ನ ಅಕ್ಕನ ಮಗಳಿಗೆ ಸೇನೆಯಲ್ಲಿರುವ ಹುಡುಗನೊಂದಿಗೆ ಮದುವೆ ಗೊತ್ತಾಗಿದೆ. ನಮ್ಮ ಮನೆತನದಲ್ಲಿ ಮೇಷ್ಟರಿದ್ದಾರೆ, ಬ್ಯಾಂಕಿನವರಿದ್ದಾರೆ, ಸಮವಸ್ತ್ರ ತೊಟ್ಟವರು ಒಬ್ಬರೂ ಇಲ್ಲ. (ಚಿಕ್ಕಪ್ಪ ಒಬ್ಬರು ಕಾಲೇಜಿನಲ್ಲಿ ಎನ್.ಸಿ.ಸಿ.ಗೆ ಸೇರಿದ್ದರಂತೆ, ಅದೂ ಬೆಳಗಿನ ಇಡ್ಲಿಗಾಗಿ.) ನಿಶ್ಚಿತಾರ್ಥ ಮುಗಿದಂದಿನಿಂದ ಅಕ್ಕನಿಗೆ ಸರಿಯಾದ ನಿದ್ದೆಯಿಲ್ಲ. ಹುಡುಗಿ ಧೈರ್ಯವಾಗಿಯೇ ಇದ್ದಳು. ಆದರೂ, ‘ಚಿಕ್ಕಮ್ಮ, ಅಲ್ಲಿ ಹೋಗಿ ನಾನು ಏನು ಮಾಡಬೇಕು ಅಂತ ಯಾರಾದರೂ ಹೇಳಿಕೊಟ್ಟರೆ ಚೆನ್ನಾಗಿತ್ತು’ ಎಂದಳು.

ನನ್ನ ಕಾಲೇಜು ಗೆಳತಿಯ ತಾಯಿ ಮೂರ್ನಾಡಿನ ಹತ್ತಿರ ಇದ್ದಾರೆ. ಸುಬೇದಾರರ ಹೆಂಡತಿ. ಹದಿನೆಂಟು ವರ್ಷ ಗಂಡನ ಜೊತೆ ದೇಶವೆಲ್ಲ ಸುತ್ತಿ, ಈಗ ಎಂಬತ್ತರ ಹೊಸ್ತಿಲಲ್ಲಿ ಕಾಫಿ ತೋಟದ ನಡುವಿನ ಹೆಂಚಿನ ಮನೆಯಲ್ಲಿ ನೆಲೆಸಿರುವವರು. ಅವರನ್ನೇ ಕೇಳೋಣವೆಂದು ಇಬ್ಬರೂ ಮೈಸೂರಿನಲ್ಲಿ ಬೆಳಗಿನ ಬಸ್ಸು ಹತ್ತಿದೆವು. ಹುಣಸೂರು, ಪಿರಿಯಾಪಟ್ಟಣ, ಬೈಲುಕುಪ್ಪೆ ದಾಟಿ, ಕುಶಾಲನಗರದಲ್ಲಿ ಕಾವೇರಿಯನ್ನು ಕಂಡ ಮೇಲೆ ಘಟ್ಟದ ತಿರುವುಗಳು ಶುರುವಾಗುತ್ತವೆ. ಸುಮಾರು ನೂರಿಪ್ಪತ್ತು ಕಿಲೋಮೀಟರು.

ಮಡಿಕೇರಿಯಲ್ಲಿ ಸಮಯವಿತ್ತಾದ್ದರಿಂದ ‘ಸನ್ನಿಸೈಡ್’ ನೋಡಿದೆವು. ಜನರಲ್ ಕೆ.ಎಸ್. ತಿಮ್ಮಯ್ಯನವರು ಹುಟ್ಟಿ ಬೆಳೆದ ಮನೆ ಅದು, 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ತಿಮ್ಮಯ್ಯನವರು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದವರು, 1965ರಲ್ಲಿ ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿದ್ದಾಗಲೇ ತೀರಿಕೊಂಡವರು. ಶಾಲಾ ಮಕ್ಕಳಿಗೆ ಇದು ಗೊತ್ತಿರಬೇಕು. ಗೊತ್ತಿಲ್ಲದಿರುವುದು ಅವರ ಪತ್ನಿ ನೀನಾ ಅವರ ವಿಷಯ. 1935ರ ಜನವರಿಯಲ್ಲಿ ಮದುವೆ. ಗಂಡನ ಜೊತೆ ಕ್ವೆಟ್ಟಾಕ್ಕೆ ಹೋದರು. ಮೇ 31ರಂದು ಅಲ್ಲಿ ಭೂಕಂಪವಾಗಿ ಇಡೀ ಊರು ನೆಲಸಮವಾಯಿತು. ಮದುವೆಯಾಗಿ ಐದು ತಿಂಗಳೂ ತುಂಬದ ಆಕೆ ಪರಿಹಾರದ ಕೆಲಸಕ್ಕೆ ಇಳಿದರು. ಅದಕ್ಕಾಗಿ ಅವರಿಗೆ ಕೈಸರ್-ಇ-ಹಿಂದ್ ಪದಕ ಬಂತು. ಸಮವಸ್ತ್ರ, ಬಂದೂಕುಗಳ ಮುಂದೆ ನಿಂತು ನಾನು ಹುಡುಗಿಗೆ ಇದನ್ನೇ ಹೇಳಿದೆ. ‘ಅವರಿಗೆ ಯಾರು ಹೇಳಿಕೊಟ್ಟಿದ್ದರು?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಮೂರ್ನಾಡಿನ ಮನೆಗೆ ನಾವು ಹೋದಾಗ ಮಧ್ಯಾಹ್ನ. ಜಗುಲಿಯಲ್ಲಿ ಕೂತಿದ್ದ ಅಜ್ಜಿ ಹುಡುಗಿಯನ್ನು ನೋಡಿ ಕೇಳಿದ ಮೊದಲ ಮಾತು ಊಟದ್ದಲ್ಲ, ಕಾಫಿಯದ್ದೂ ಅಲ್ಲ.

‘ಆಧಾರ್‌ನಲ್ಲಿ ನಿನ್ನ ಹೆಸರು ಹೇಗಿದೆ? ಮಾರ್ಕ್ಸ್ ಕಾರ್ಡಿನಲ್ಲೂ ಹಾಗೇ ಇದೆಯಾ?’

ಹುಡುಗಿ ತಬ್ಬಿಬ್ಬಾದಳು. ಒಂದರಲ್ಲಿ ಇನಿಷಿಯಲ್ ಹಿಂದಿದೆ, ಇನ್ನೊಂದರಲ್ಲಿ ಮುಂದಿದೆ. ‘ಮೊದಲು ಅದನ್ನು ಸರಿ ಮಾಡಿಸು ಮಾರಾಯ್ತಿ, ಸೀರೆ ಆಮೇಲೆ ತೆಗೆಯುವಿಯಂತೆ’ ಎಂದರು ಅಜ್ಜಿ. ಯಾಕೆಂದು ಆಗ ಹೇಳಲಿಲ್ಲ. ಕಡಂಬಿಟ್ಟು ಬಡಿಸಿದರು.

ಊಟವಾದ ಮೇಲೆ ಒಳಕೋಣೆಯ ಕಪ್ಪು ಟ್ರಂಕನ್ನು ಎಳೆಸಿ ತೋರಿಸಿದರು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಗಂಡನ ನಂಬರು, ರ‍್ಯಾಂಕು, ಹೆಸರು. ನಾಯಕ್ ಎಂದಿದ್ದುದನ್ನು ಅಳಿಸಿ ಹವಾಲ್ದಾರ್, ಅದರ ಮೇಲೆ ಸುಬೇದಾರ್. ಹಳೆಯ ಅಕ್ಷರಗಳು ಇನ್ನೂ ಮಸುಕಾಗಿ ಕಾಣುತ್ತವೆ. 1966ರಲ್ಲಿ ಈ ಟ್ರಂಕು ಕೊಡಗು ಬಿಟ್ಟಾಗ ಅದರಲ್ಲಿ ಕಡಂಬಿಟ್ಟಿಗೆ ಬೇಕಾದ ಅಕ್ಕಿತರಿ, ಒಂದು ಸೀಸೆ ಕಾಚಂಪುಳಿ ಇದ್ದವಂತೆ. ಕಾಚಂಪುಳಿ ಎಂದರೆ ಪಣಪುಳಿ ಹಣ್ಣಿನ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿ ಇಳಿಸಿದ್ದು. ಅದಿಲ್ಲದೆ ಕೊಡವರ ಹಂದಿ ಸಾರು ಸಾರೇ ಅಲ್ಲ. ಎರಡನೇ ದಿನ ರೈಲಿನಲ್ಲಿ ಸೀಸೆಯ ಬಿರಡೆ ಸಡಿಲಾಗಿ ಮದುವೆಯ ಸೀರೆಯ ಅರ್ಧ ಕಪ್ಪಾಯಿತು. ಅಂಬಾಲದ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯ ಪಂಜಾಬಿ ಹೆಂಗಸು ಆ ಸೀರೆ ನೋಡಿ ನಕ್ಕು, ಸೀಸೆಯ ಬಾಯಿಗೆ ಮೇಣ ಕರಗಿಸಿ ಹಾಕಿ ಸ್ವೆಟರಿನಲ್ಲಿ ಸುತ್ತಬೇಕೆಂದು ತೋರಿಸಿಕೊಟ್ಟಳು. ‘ಸ್ವೆಟರೇ ಇರಲಿಲ್ಲವಲ್ಲ, ಹೆಣೆಯುವುದನ್ನೂ ಅವಳೇ ಕಲಿಸಿದಳು’ ಎಂದರು ಅಜ್ಜಿ. ಚಳಿಗಾಲದ ಬಿಸಿಲಿಗೆ ಅಂಗಳದಲ್ಲಿ ಗುಂಪಾಗಿ ಕೂತು ಹೆಣೆಯುತ್ತಾ, ಮುರುಕು ಹಿಂದಿಯಲ್ಲಿ ಅವರು ಕಲಿತದ್ದಕ್ಕೆ ಲೆಕ್ಕವಿಲ್ಲ. ಪರದೆಯ ಬಟ್ಟೆ ಉದ್ದವಾದರೆ ಕತ್ತರಿಸಬೇಡ, ಮಡಿಸಿ ಹೊಲಿ; ಮುಂದಿನ ಊರಿನ ಕಿಟಕಿ ದೊಡ್ಡದಿರಬಹುದು. ಮಕ್ಕಳ ಟಿ.ಸಿ.ಯನ್ನು ಟ್ರಂಕಿನಲ್ಲಿ ಹಾಕಬೇಡ, ಕೈಚೀಲದಲ್ಲಿ ಇಟ್ಟುಕೋ. ಸಾಮಾನು ತಿಂಗಳು ತಡವಾಗಿ ಬಂದರೂ ಮಕ್ಕಳು ಶಾಲೆಗೆ ಸೇರಲೇಬೇಕು. ಗಂಡ ಗಡಿಯಲ್ಲಿದ್ದಾಗ ಬರೆಯುವ ಕಾಗದಕ್ಕೆ ಒಂದು, ಎರಡು, ಮೂರು ಎಂದು ನಂಬರು ಹಾಕು. ಐದನೆಯದು ಮೂರನೆಯದಕ್ಕಿಂತ ಮೊದಲು ತಲುಪುತ್ತದೆ. ನಂಬರಿಲ್ಲದಿದ್ದರೆ ಜ್ವರ ಬಿಟ್ಟ ಸುದ್ದಿ ಮೊದಲು ಹೋಗಿ, ಜ್ವರ ಬಂದ ಸುದ್ದಿ ಆಮೇಲೆ ಹೋಗುತ್ತದೆ. ವಿಳಾಸದಲ್ಲಿ ಊರಿನ ಹೆಸರೇ ಇರುತ್ತಿರಲಿಲ್ಲ: ನಂಬರು, ಹೆಸರು, ಯೂನಿಟ್ಟು, 56 ಎ.ಪಿ.ಓ. ‘ಅಪ್ಪ ಎಲ್ಲಿದ್ದಾರೆ’ ಎಂದು ಯಾರಾದರೂ ಕೇಳಿದರೆ ನನ್ನ ಗೆಳತಿ ಚಿಕ್ಕವಳಿದ್ದಾಗ ‘ಐವತ್ತಾರು ಎ.ಪಿ.ಓ. ಅನ್ನೋ ಊರಲ್ಲಿ’ ಎನ್ನುತ್ತಿದ್ದಳಂತೆ.

ಆ ಗೆಳತಿ ಎಸ್ಸೆಸ್ಸೆಲ್ಸಿಗೆ ಬರುವಷ್ಟರಲ್ಲಿ ಏಳು ಶಾಲೆ ಬದಲಿಸಿದ್ದಳು. ಹೀಗೆ ಊರೂರು ಅಲೆಯುವ ನೌಕರರ ಮಕ್ಕಳಿಗಾಗಿಯೇ 1963ರಲ್ಲಿ ಕೇಂದ್ರೀಯ ವಿದ್ಯಾಲಯಗಳ ಯೋಜನೆ ಶುರುವಾಯಿತು. ಪಾಠವೇನೋ ಎಲ್ಲ ಕಡೆ ಒಂದೇ ಇತ್ತು; ಕನ್ನಡ ಮಾತ್ರ ಎಲ್ಲೂ ಇರಲಿಲ್ಲ. ಕೊಡಗಿನಿಂದ ಬಂದ ಕಾಗದವನ್ನು ತಾಯಿ ಒಂದು ಸಾಲು ಓದಿ ಮುಂದಿನ ಸಾಲನ್ನು ಮಗಳ ಕೈಲಿ ಓದಿಸುತ್ತಿದ್ದರು. ಆಕೆಯ ಕನ್ನಡ ಶಾಲೆ ಅಷ್ಟೇ. ಬಿ.ಎ.ಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದಳು, ಆ ಮಾತು ಬೇರೆ.

ಸಂಜೆಯ ಕಾಫಿಗೆ ಕೂತಾಗ ಅಜ್ಜಿ ಹೆಸರಿನ ವಿಷಯಕ್ಕೆ ಬಂದರು.

1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ದಾಳಿ ಮಾಡಿದ ನೆಲೆಗಳಲ್ಲಿ ಅಂಬಾಲವೂ ಒಂದು. ಗಂಡಸರೆಲ್ಲ ಆಗಲೇ ಗಡಿಯಲ್ಲಿದ್ದರು. ಕ್ವಾರ್ಟರ್ಸಿನಲ್ಲಿ ಹೆಂಗಸರು, ಮಕ್ಕಳು. ಕಿಟಕಿಯ ಗಾಜಿಗೆಲ್ಲ ಕಾಗದ. ಎದುರು ಮನೆಯಲ್ಲಿ ಒಬ್ಬ ಗಢವಾಲಿ ಹುಡುಗಿ, ಮದುವೆಯಾಗಿ ವರ್ಷವಾಗಿರಲಿಲ್ಲ. ಯುದ್ಧ ನಿಂತ ನಾಲ್ಕನೇ ದಿನಕ್ಕೆ ಅವಳ ಮನೆಗೆ ಸುದ್ದಿ ಬಂತು. ಆಗ ಏನು ಮಾಡಬೇಕೆಂದು ಹಿರಿಯ ಹೆಂಗಸರಿಗೆ ಗೊತ್ತಿತ್ತು. ಒಬ್ಬಳು ನೇರ ಅಡುಗೆಮನೆಗೆ ಹೋಗಿ ಒಲೆ ಆರಿಸಿದಳು. ಒಬ್ಬಳು ಬಂದು ಹೋಗುವವರ ಬಾಗಿಲು ನೋಡಿಕೊಂಡಳು. ಹುಡುಗಿಯ ಪಕ್ಕದಲ್ಲಿ ಕೂತವಳು ಏನೂ ಮಾತಾಡಲಿಲ್ಲ. ಧೈರ್ಯ ತಂದುಕೋ ಎಂದು ಯಾರೂ ಹೇಳಕೂಡದು, ಅದು ಅವರ ನಡುವಿನ ಕಟ್ಟಳೆ. ಮೂರು ರಾತ್ರಿ ಅವಳನ್ನು ಒಬ್ಬಳನ್ನೇ ಮಲಗಲು ಬಿಡಲಿಲ್ಲ.

ಕಷ್ಟ ಬಂದದ್ದು ತಿಂಗಳ ಮೇಲೆ. ಮನೆಯಲ್ಲಿ ಕರೆಯುವ ಹೆಸರನ್ನು ಗಂಡ ಬರೆಸಿದ್ದ. ಹಳ್ಳಿಯ ಕಾಗದದಲ್ಲಿ ಇನ್ನೊಂದು ಹೆಸರು. ಕಚೇರಿಯವರಿಗೆ ಇಬ್ಬರೂ ಒಬ್ಬಳೇ ಎಂದು ತೋರಿಸುವುದು ಹೇಗೆ? ‘ಇಂಗ್ಲಿಷ್ ಬರೆಯಲು ಬರುತ್ತಿದ್ದದ್ದು ನನಗೊಬ್ಬಳಿಗೇ. ಅರ್ಜಿಯ ಮೇಲೆ ಅರ್ಜಿ ಬರೆದೆ. ಅವಳಿಗೆ ಪಿಂಚಣಿ ಬರುವ ಹೊತ್ತಿಗೆ ಒಂದೂವರೆ ವರ್ಷ ಆಯಿತು’ ಎಂದರು. ಅಂದಿನಿಂದ ಹೊಸ ಮದುಮಗಳು ಯಾರೇ ಬರಲಿ, ‘ಪಾರ್ಟ್ ಟು ಆರ್ಡರ್ ಆಯಿತಾ’ ಎಂದು ಕೇಳಿಯೇ ಅವರು ಚಹಾ ಕೊಡುತ್ತಿದ್ದರಂತೆ. ಸೈನಿಕನ ಮದುವೆ, ಮಕ್ಕಳ ಜನನ ಇವೆಲ್ಲ ಸೇನೆಯ ದಾಖಲೆ ಸೇರುವುದು ಆ ಆದೇಶದ ಮೂಲಕ. ಈಗ ಪಿಂಚಣಿಯ ವ್ಯವಹಾರ ‘ಸ್ಪರ್ಶ್’ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಬಂದಿದೆ. ಹೆಸರಿನ ಅಕ್ಷರ ಹೊಂದದಿದ್ದರೆ ಕಂಪ್ಯೂಟರಿಗೂ ಅನುಮಾನವೇ.

ಸೇನೆಯ ಹೆಂಗಸರ ಒಗ್ಗಟ್ಟೆಂದರೆ ಎಲ್ಲವೂ ಹಾಲುಜೇನೆಂದು ನೀವು ತಿಳಿಯಬೇಕಿಲ್ಲ. 1966ರಲ್ಲೇ ಸೇನಾ ಪತ್ನಿಯರ ಕಲ್ಯಾಣಕ್ಕೆಂದು ‘ಆವಾ’ ಸಂಘ ಹುಟ್ಟಿತು, ಒಳ್ಳೆಯ ಕೆಲಸವನ್ನೂ ಮಾಡಿದೆ. ಆದರೆ ಗಂಡನ ಹೆಗಲ ಮೇಲಿನ ಪಟ್ಟಿ ಹೆಂಡತಿಯ ಕುರ್ಚಿಯವರೆಗೂ ಬರುತ್ತಿತ್ತು. ಸಭೆಗಳಲ್ಲಿ ಅಧಿಕಾರಿಗಳ ಹೆಂಡತಿಯರಿಗೆ ಮುಂದಿನ ಸಾಲು, ಇವರಿಗೆ ಹಿಂದಿನದು. ಅಜ್ಜಿ ನಗುತ್ತಲೇ ಹೇಳಿದರು, ಮರೆತಂತೆ ಕಾಣಲಿಲ್ಲ.

ಹುಡುಗಿ ಅಲ್ಲಿಯವರೆಗೂ ಮೊಬೈಲಿನಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದವಳು ತಲೆಯೆತ್ತಿ ಕೇಳಿದಳು: ‘ಅಜ್ಜಿ, ನಾನು ಟೀಚರ್ ಕೆಲಸ ಬಿಡಬೇಕಾಗುತ್ತಾ?’

ಅಜ್ಜಿ ತಕ್ಷಣ ಉತ್ತರಿಸಲಿಲ್ಲ. 1966ರಲ್ಲಿ ಅವರು ಶಿಕ್ಷಕಿಯ ತರಬೇತಿಯ ಮೊದಲ ವರ್ಷ ಮುಗಿಸಿದ್ದರು. ಎರಡನೆಯ ವರ್ಷಕ್ಕೆ ಹೋಗಲಿಲ್ಲ. ಟ್ರಂಕು ತುಂಬಿಸಲು ಹೇಳಿದರು, ತುಂಬಿಸಿದರು. ‘ಅದೊಂದನ್ನು ನನ್ನ ನೋಡಿ ಕಲಿಯಬೇಡ ಮಗಳೇ. ಹೋದಲ್ಲೆಲ್ಲ ಶಾಲೆ ಇರುತ್ತದೆ. ಸರ್ಟಿಫಿಕೇಟ್ ಕೂಡ ಕೈಚೀಲದಲ್ಲೇ ಇರಲಿ.’ ಇಷ್ಟು ಸುಲಭವೇ ಎಂದು ನನಗೆ ಅನುಮಾನ. ಎರಡು ಮೂರು ವರ್ಷಕ್ಕೊಮ್ಮೆ ಊರು ಬಿಡುವ ಶಿಕ್ಷಕಿಗೆ ಯಾವ ಶಾಲೆ ಕಾಯಂ ಕೆಲಸ ಕೊಟ್ಟೀತು? ನಾನು ಬಾಯಿ ಬಿಡಲಿಲ್ಲ. ಹುಡುಗಿಯ ಮುಖ ನೋಡಿದರೆ ಅವಳಿಗೂ ಪೂರ್ತಿ ಸಮಾಧಾನವಾದಂತಿರಲಿಲ್ಲ.

ಮರುದಿನ ಹೊರಡುವಾಗ ಅಜ್ಜಿ ಒಂದು ಸೀಸೆ ಕಾಚಂಪುಳಿ ಕೊಟ್ಟರು. ಬಾಯಿಗೆ ಮೇಣ ಹಾಕಿತ್ತು. ನಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲವೆಂದು ನಾನು ಸಂಕೋಚದಿಂದ ಹೇಳಿದೆ. ‘ಹುಣಸೆ ಸಿಗದ ಊರಿಗೆ ಹೋದರೆ ಸಾರಿಗೆ ನಾಲ್ಕು ಹನಿ ಸಾಕು’ ಎಂದರು.

ಬಸ್ಸು ಕುಶಾಲನಗರ ದಾಟುವಾಗ ಹುಡುಗಿ ಫೋನಿನಲ್ಲಿ ಭಾವಿ ಗಂಡನಿಗೆ ತನ್ನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದಳು. ಅವನಿಗೆ ಸರಿಯಾಗಿ ಕೇಳಿಸಲಿಲ್ಲವೆಂದು ಕಾಣುತ್ತದೆ, ಇನ್ನೊಮ್ಮೆ ಮೊದಲಿನಿಂದ ಹೇಳಿದಳು. ಸೀಸೆ ನನ್ನ ತೊಡೆಯ ಮೇಲಿತ್ತು. ಮೈಸೂರು ಬರುವವರೆಗೂ ಅದನ್ನು ನೆಟ್ಟಗೆ ಹಿಡಿದುಕೊಂಡೇ ಕೂತೆ.