ಮರಳು ಮತ್ತು ಮಾರುತ

ಚಿಕ್ಕಬಳ್ಳಾಪುರದ ಸಮೀಪದಲ್ಲಿರುವ ಸ್ಕಂದಗಿರಿಗೆ ಕಳವಾರ ಬೆಟ್ಟವೆಂಬ ಹೆಸರೂ ಉಂಟು. ಶಿಥಿಲವಾದ ಕೋಟೆಯನ್ನು ತಲೆಯ ಮೇಲೆ ಹೊತ್ತು ನಿಂತಿರುವ ಈ ಬಂಡೆಗಲ್ಲಿನ ಬೆಟ್ಟವು ನೋಡುವವರ ಕಣ್ಣಿಗೆ ಅಚಲವಾಗಿಯೇ ತೋರುತ್ತದೆ. ಆದರೆ ಬಿಸಿಲು, ತಂಪು, ಮಳೆ ಇವು ಅನಾದಿಕಾಲದಿಂದಲೂ ಬಂಡೆಯನ್ನು ಸವೆಸುತ್ತಲೇ ಬಂದಿವೆ. ಕಲ್ಲಿನ ಮೆದುವಾದ ಅಂಶಗಳು ಕರಗಿ ಜೇಡಿಮಣ್ಣಾಗುತ್ತವೆ. ಗಟ್ಟಿಯಾದ ಬೆಣಚುಕಲ್ಲಿನ ಕಣಗಳು ಮರಳಾಗಿ ಉಳಿಯುತ್ತವೆ. ಮಳೆಯ ನೀರು ಆ ಮರಳನ್ನು ಹಳ್ಳಕ್ಕೂ, ಹಳ್ಳವು ನದಿಗೂ ಒಯ್ಯುತ್ತದೆ. ನೆರೆಯ ನಂದಿಬೆಟ್ಟಗಳ ಸೀಮೆಯಲ್ಲಿ ಹುಟ್ಟಿ ಗೌರಿಬಿದನೂರಿನ ಮಾರ್ಗವಾಗಿ ಸಾಗುವ ಉತ್ತರ ಪಿನಾಕಿನಿಯ ಪಾತ್ರದ ಮರಳು ಹೀಗೆ ಬೆಟ್ಟಗಳಿಂದ ಇಳಿದು ಬಂದದ್ದೇ ಆಗಿದೆ.

ನೀರು ಹರಿಯುವವರೆಗೆ ಮರಳು ನದಿಯ ಸೊತ್ತು. ನದಿ ಬತ್ತಿದ ಮೇಲೆ ಅದು ಗಾಳಿಯ ಪಾಲು. ಹಾಗೆಂದು ಬತ್ತಿದ ನದಿಗಳ ದಡದಲ್ಲೆಲ್ಲ ಮರಳುದಿಬ್ಬಗಳು ಏಳುವುದಿಲ್ಲ. ಒಣಗಿದ ಸಡಿಲವಾದ ಮರಳು ಧಾರಾಳವಾಗಿರಬೇಕು; ಬಲವಾದ ಗಾಳಿ ಬಹುಕಾಲ ಬೀಸಬೇಕು; ನೆಲವನ್ನು ಹಿಡಿದು ನಿಲ್ಲಿಸುವ ಗಿಡಗಂಟಿಗಳು ವಿರಳವಾಗಿರಬೇಕು.

ಗಾಳಿಯು ಮರಳನ್ನು ಸಾಗಿಸುವ ಬಗೆಯನ್ನು ಆಳವಾಗಿ ಶೋಧಿಸಿದವನು ಬ್ಯಾಗ್ನಾಲ್ಡ್ ಎಂಬ ಆಂಗ್ಲ ಸೇನಾಧಿಕಾರಿ. ಲಿಬಿಯಾದ ಮರುಭೂಮಿಯಲ್ಲಿ ಸಂಚರಿಸಿ, ಪ್ರಯೋಗಶಾಲೆಯಲ್ಲಿ ಕೃತಕವಾಗಿ ಗಾಳಿ ಬೀಸಿಸಿ ಪರೀಕ್ಷಿಸಿದ ಆತನು 1941ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಧೂಳಿನಂತೆ ಮರಳು ಆಕಾಶಕ್ಕೇರುವುದಿಲ್ಲ. ಅದರ ಕಣ ನೆಲದಿಂದ ಚಿಮ್ಮಿ, ಗಾಳಿಯೊಡನೆ ತುಸುದೂರ ಸಾಗಿ, ಕೆಳಗೆ ಬಿದ್ದು ಬೇರೆ ಕಣಗಳನ್ನು ಚಿಮ್ಮಿಸುತ್ತದೆ. ದಾರಿಯಲ್ಲಿ ಕಲ್ಲೋ ಪೊದೆಯೋ ಅಡ್ಡವಾದರೆ ಅದರ ಮರೆಯಲ್ಲಿ ಗಾಳಿಯ ವೇಗ ತಗ್ಗಿ ಮರಳು ನಿಲ್ಲುತ್ತದೆ. ನಿಂತ ಮರಳೇ ಮುಂದೆ ಬರುವ ಮರಳಿಗೆ ತಡೆಯಾಗಿ ದಿಬ್ಬ ಬೆಳೆಯುತ್ತದೆ. ಗಾಳಿ ಬರುವ ಕಡೆ ಅದರ ಇಳಿಜಾರು ಸಾವಧಾನವಾದುದು. ಮರೆಯ ಕಡೆಯದು ಕಡಿದಾದುದು. ಆ ಕಡೆಯ ಇಳಿಜಾರು ಸುಮಾರು 34 ಡಿಗ್ರಿಯನ್ನು ಮೀರಿದರೆ ಮರಳು ಜಾರಿಬೀಳುತ್ತದೆ. ಹೀಗೆ ಹಿಂದಿನಿಂದ ಏರಿ ಮುಂದೆ ಜಾರುತ್ತ ದಿಬ್ಬವೇ ನಡೆಯತೊಡಗುತ್ತದೆ.

ದಿಬ್ಬದ ರೂಪವನ್ನು ನಿರ್ಣಯಿಸುವುದು ಗಾಳಿಯ ದಿಕ್ಕು ಮತ್ತು ಮರಳಿನ ಪೂರೈಕೆ. ಮರಳು ಕಡಿಮೆಯಿದ್ದು ಗಾಳಿ ಒಂದೇ ದಿಕ್ಕಿನಿಂದ ಬೀಸಿದರೆ ಬಿದಿಗೆಯ ಚಂದ್ರನಂತಹ ದಿಬ್ಬ ಮೂಡುತ್ತದೆ. ಅಂಚುಗಳಲ್ಲಿ ಮರಳು ತೆಳುವಾದ್ದರಿಂದ ಅವು ಬೇಗ ಸಾಗಿ, ಗಾಳಿ ಹೋಗುವ ಕಡೆಗೆ ಚಾಚಿದ ಕೊಂಬುಗಳಾಗುತ್ತವೆ. ಮರಳು ಹೇರಳವಾದರೆ ಇಂತಹ ದಿಬ್ಬಗಳು ಒಂದಕ್ಕೊಂದು ಕೂಡಿ, ಗಾಳಿಗೆ ಅಡ್ಡಲಾಗಿ ಅಲೆಗಳಂತೆ ಸಾಲುಗಟ್ಟುತ್ತವೆ. ಎರಡು ದಿಕ್ಕುಗಳ ಗಾಳಿ ಸರದಿಯಲ್ಲಿ ಬೀಸಿದರೆ ಉದ್ದನೆಯ ಏಣುಗಳು ಏಳುತ್ತವೆ. ಅರಬರು ಇವನ್ನು ‘ಸೈಫ್’, ಅಂದರೆ ಕತ್ತಿ, ಎಂದು ಕರೆದರು. ಹಲವು ದಿಕ್ಕುಗಳ ಗಾಳಿಗೆ ಸಿಕ್ಕ ಮರಳು ನಕ್ಷತ್ರದಂತೆ ತೋಳು ಚಾಚಿ ಎತ್ತರಕ್ಕೆ ಬೆಳೆಯುತ್ತದೆ. ಥಾರ್ ಮರುಭೂಮಿಯ ಅನೇಕ ದಿಬ್ಬಗಳಲ್ಲಿ ಕೊಂಬುಗಳು ಗಾಳಿ ಬರುವ ಕಡೆಗೇ ತಿರುಗಿವೆ. ಅಲ್ಲಿ ಅಂಚುಗಳನ್ನು ಸಸ್ಯಗಳು ಹಿಡಿದು ನಿಲ್ಲಿಸಿರುವುದರಿಂದ ನಡುಭಾಗ ಮಾತ್ರ ಮುಂದೆ ಸಾಗಿದೆ.

ಮರುಭೂಮಿಯಿಲ್ಲದ ಕನ್ನಡ ನಾಡಿಗೂ ಈ ನಿಯಮ ಅಪರಿಚಿತವಲ್ಲ. ಬಾಬಾಬುಡನ್‌ಗಿರಿಯ ಸೀಮೆಯಲ್ಲಿ ಹುಟ್ಟುವ ವೇದಾವತಿಯು ಬಳ್ಳಾರಿಯ ಕಡೆಗೆ ಹಗರಿ ಎಂಬ ಹೆಸರು ತಳೆಯುತ್ತದೆ. ಅದರ ಒಣಗಿದ ಪಾತ್ರದ ಮರಳನ್ನು ನೈಋತ್ಯದ ಗಾಳಿಯು ಪೂರ್ವದ ದಡಕ್ಕೆ ಎತ್ತಿಹಾಕಿ, ಗಡಿಯಾಚೆಯ ಅನಂತಪುರ ಜಿಲ್ಲೆಯಲ್ಲಿಯೂ ಹೊಲಗಳ ಮೇಲೆ ದಿಬ್ಬಗಳನ್ನು ಕಟ್ಟಿದೆ. ಉತ್ತ ಹೊಲವು ಮರಳಿನಡಿ ಸೇರುವುದನ್ನು ಕಾಣುವ ರೈತನ ವ್ಯಥೆಯನ್ನು ಯಾವ ಅಳತೆಗೋಲು ಅಳೆದೀತು?

ಇದಕ್ಕಿಂತಲೂ ಪ್ರಸಿದ್ಧವಾದುದು ಕಾವೇರಿಯ ದಡದ ತಲಕಾಡು. ಗಂಗರ ರಾಜಧಾನಿಯಾಗಿ, ಮುಂದೆ ಹೊಯ್ಸಳ ವಿಷ್ಣುವರ್ಧನನ ಕೀರ್ತಿನಾರಾಯಣ ದೇಗುಲದಿಂದ ಶೋಭಿಸಿದ ಆ ಪಟ್ಟಣವು ಮರಳಿನಲ್ಲಿ ಹೂತುಹೋಯಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಸಂದರ್ಭದಲ್ಲಿ ಅಲಮೇಲಮ್ಮನು ಕೊಟ್ಟ ಶಾಪವೇ ಇದಕ್ಕೆ ಕಾರಣವೆಂದು ಜನ ನಂಬಿದರು. ನೊಂದ ಹೆಣ್ಣಿನ ಅಳಲನ್ನು ಶತಮಾನಗಳವರೆಗೆ ಕಾಪಾಡಿದ ಆ ಕಥೆಗೆ ಗೌರವ ಸಲ್ಲಲೇಬೇಕು. ಆದರೆ ಮರಳಿಗೆ ಬೇರೊಂದು ಕಾರಣವೂ ಇರಬಹುದು. ಹದಿನಾಲ್ಕನೆಯ ಶತಮಾನದಲ್ಲಿ ನದಿಗೆ ಅಡ್ಡಲಾಗಿ ಕಟ್ಟಿದ ಮಾಧವಮಂತ್ರಿ ಕಟ್ಟೆಯಿಂದ ಕೆಳಗಣ ಪಾತ್ರದಲ್ಲಿ ನೀರು ತಗ್ಗಿ ಮರಳು ಬಯಲಾಯಿತೆಂದೂ, ಅದನ್ನು ಗಾಳಿಯು ಊರಿನ ಮೇಲೆ ತಂದು ಸುರಿಯಿತೆಂದೂ ವಿಜ್ಞಾನಿ ಕೆ. ಎನ್. ಗಣೇಶಯ್ಯನವರು ವಿವರಿಸಿದ್ದಾರೆ. ಗಾಳಿ ಮೊದಲಿನದೇ, ಬದಲಾದದ್ದು ಮರಳಿನ ಪೂರೈಕೆ.

ಶಾಪವೆಂದು ಬಗೆದರೆ ಮನುಷ್ಯನಿಗೆ ಉಳಿಯುವುದು ಶೋಕವೊಂದೇ. ಕಾರಣ ತಿಳಿದರೆ ಕೈಗೆ ಕೆಲಸ ಸಿಗುತ್ತದೆ. ದಡದ ಹುಲ್ಲನ್ನು ಉಳಿಸಬಹುದು, ಗಾಳಿಗೆ ಅಡ್ಡಲಾಗಿ ಮರಗಳ ಸಾಲು ಬೆಳೆಸಬಹುದು, ನದಿಗೆ ಕಟ್ಟೆ ಕಟ್ಟುವ ಮುನ್ನ ಕೆಳಗಿನ ಊರುಗಳನ್ನು ನೆನೆಯಬಹುದು. ತಲಕಾಡಿನಲ್ಲಿ ಹೂತ ಗುಡಿಗಳನ್ನು ಜನ ಮರಳು ಸರಿಸಿ ಹೊರತೆಗೆದಿದ್ದಾರೆ. 2020ರ ಪಂಚಲಿಂಗ ದರ್ಶನದ ವೇಳೆಯಲ್ಲಿಯೂ ಅಲ್ಲಿ ದೀಪ ಬೆಳಗಿತು. ದಿಬ್ಬಗಳ ಮೇಲೆ ಈಗ ಮರಗಳು ನಿಂತಿವೆ. ಅವುಗಳ ಬೇರುಗಳು ಮರಳನ್ನು ಹಿಡಿದಿರುವವರೆಗೆ ಗಾಳಿ ಬರಿಗೈಯಲ್ಲಿ ಹಿಂದಿರುಗುತ್ತದೆ.