ಎರಡು ಕೀಲಿಕೈ, ಒಂದು ಗಡ

ಸೈಪ್ರಸ್ ಎಂಬ ದ್ವೀಪ ಮೆಡಿಟರೇನಿಯನ್ ಸಮುದ್ರದಲ್ಲಿದೆ. ವಿಸ್ತೀರ್ಣ ಸುಮಾರು 9,250 ಚದರ ಕಿಲೋಮೀಟರ್. ನಮ್ಮ ಬೆಳಗಾವಿ ಜಿಲ್ಲೆಯದು 13,400ಕ್ಕೂ ಹೆಚ್ಚು. ಅಂದರೆ ಆ ಇಡೀ ದೇಶವನ್ನು ತಂದು ನಮ್ಮ ಜಿಲ್ಲೆಯೊಳಗೆ ಇಟ್ಟರೂ ಇನ್ನೂ ಜಾಗ ಉಳಿಯುತ್ತದೆ. ಈ ಲೆಕ್ಕ ನನಗೆ ಹೇಳಿದವಳು ಆರನೆಯ ಇಯತ್ತೆಯಲ್ಲಿ ಓದುವ ನನ್ನ ಮೊಮ್ಮಗಳು. ದಸರಾ ಸೂಟಿಗೆ ಮೂಡಲಗಿಯಿಂದ ಗೋಕಾಕಕ್ಕೆ ಬರುವಾಗ ಶಾಲೆಯ ಗ್ರಂಥಾಲಯದ ಒಂದು ಚಿತ್ರದ ಪುಸ್ತಕ ತಂದಿದ್ದಳು. ಅದರಲ್ಲಿ ಆ ದ್ವೀಪದ ಉತ್ತರದ ಗುಡ್ಡಸಾಲಿನ ಮೇಲಿನ ಮೂರು ಕೋಟೆಗಳ ಚಿತ್ರಗಳಿದ್ದವು: ಸೇಂಟ್ ಹಿಲೇರಿಯನ್, ಬಫಾವೆಂಟೊ, ಕಂಟಾರಾ. ಮಧ್ಯದ ಬಫಾವೆಂಟೊ ಸಮುದ್ರ ಮಟ್ಟದಿಂದ 950 ಮೀಟರಿನಷ್ಟು ಎತ್ತರದಲ್ಲಿದೆ. ಹಡಗು ಕಂಡರೆ ಒಂದು ಕೋಟೆಯಲ್ಲಿ ಬೆಂಕಿ ಹಚ್ಚುವುದು, ಅದನ್ನು ನೋಡಿ ಇನ್ನೊಂದರಲ್ಲಿ ಹಚ್ಚುವುದು. ಆ ಕಾಲದ ಫೋನು ಅದೇ.

"ಅಜ್ಜಾ, ನಮ್ಮ ಕಡೆ ಇಂಥಾವು ಇಲ್ಲೇನು?" ಎಂದಳು.

"ಯಾಕಿಲ್ಲ? ನಾಳೆ ಬುತ್ತಿ ಕಟ್ಟಿಸು, ಹೋಗೂಣು," ಎಂದೆ.

ಕೋಟೆ ಎಂದರೆ ನಮ್ಮ ಮಂದಿ ಚಿತ್ರದುರ್ಗ ಅನ್ನುತ್ತಾರೆ, ಇಲ್ಲವೆ ಪನ್ಹಾಳಾ ಅನ್ನುತ್ತಾರೆ. ಹುಕ್ಕೇರಿ ತಾಲ್ಲೂಕಿನಲ್ಲೇ ಸಂಕೇಶ್ವರದ ಮಗ್ಗುಲಿಗೆ ವಲ್ಲಭಗಡ ಇದೆ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹೋಗುವ ಸಾವಿರಾರು ಗಾಡಿಗಳು ಅದರ ಹತ್ತಿರದಿಂದಲೇ ಹೋಗುತ್ತವೆ, ಕತ್ತೆತ್ತಿ ನೋಡುವವರು ಕಡಿಮೆ. ಬುಡದಲ್ಲಿ ಹರಗಾಪುರ ಎಂಬ ಊರು. ಅದಕ್ಕೇ ಹರಗಾಪುರದ ಗಡ ಅಂತಲೂ ಕರೆಯುತ್ತಾರೆ.

ಬಸ್ಸಿನಲ್ಲೇ ಹೊರಟೆವು. ಮೊಮ್ಮಗಳಿಗೆ ಸೊನ್ನೆ ರೂಪಾಯಿಯ ಟಿಕೆಟ್ಟು, ನನಗೆ ರೊಕ್ಕದ ಟಿಕೆಟ್ಟು. ಅದನ್ನು ಅವಳು ದಾರಿಯುದ್ದಕ್ಕೂ ನನಗೆ ತೋರಿಸಿ ನಕ್ಕಳು. ಹುಕ್ಕೇರಿಯಲ್ಲಿ ಆದಿಲ್‌ಶಾಹಿ ಕಾಲದ ಗುಮ್ಮಟಗಳನ್ನು ದೂರದಿಂದಲೇ ತೋರಿಸಿದೆ. ಅಲ್ಲಿ ನನ್ನ ಹಳೆಯ ಗೆಳೆಯರು ತಮ್ಮ ಮೊಮ್ಮಗನೊಂದಿಗೆ ಬಸ್ಸು ಹತ್ತಿದರು.

ಈ ಗೆಳೆಯರ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದು ಶಾಖೆಯಲ್ಲಿ ನಾವಿಬ್ಬರೂ ಒಟ್ಟಿಗೆ ಕೆಲಸ ಮಾಡಿದವರು. ನಾನು ಹೆಡ್ ಕ್ಯಾಶಿಯರ್, ಅವರು ಅಕೌಂಟಂಟ್. ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಕೀಲಿ ಇರುತ್ತವೆ ಮಕ್ಕಳೇ. ಒಂದು ಕೀಲಿಕೈ ಒಬ್ಬರ ಹತ್ತಿರ, ಎರಡನೆಯದು ಇನ್ನೊಬ್ಬರ ಹತ್ತಿರ. ಇಬ್ಬರೂ ಬಂದು ನಿಲ್ಲದೆ ಬಾಗಿಲು ತೆರೆಯುವುದಿಲ್ಲ. ಹೀಗಾಗಿ ಅವರಿಗೆ ಜ್ವರ ಬಂದರೆ ನನಗೆ ಚಿಂತೆ, ನನ್ನ ಬಸ್ಸು ತಡವಾದರೆ ಅವರಿಗೆ ಚಿಂತೆ. ಇವತ್ತಿಗೂ ಅವರು ನನ್ನನ್ನು ಕರೆಯುವುದು "ಏನ್ರಿ ಕ್ಯಾಶಿಯರ್ ಸಾಹೇಬ್ರ" ಎಂದೇ.

ಸಂಕೇಶ್ವರದಿಂದ ಆಟೋ ಹಿಡಿದು ಹರಗಾಪುರಕ್ಕೆ ಬಂದೆವು. ಗುಡ್ಡ ಬಹಳ ಎತ್ತರದ್ದೇನಲ್ಲ, ಎಪ್ಪತ್ತು ದಾಟಿದ ಮೊಣಕಾಲಿಗೂ ಒಗ್ಗುವಂಥದು. ನಡುನಡುವೆ ಕೂತು, ನೀರು ಕುಡಿದು, ಮಕ್ಕಳನ್ನು ಮುಂದೆ ಬಿಟ್ಟು ಹತ್ತಿದೆವು. ಇದನ್ನು ಶಿಲಾಹಾರರ ಎರಡನೆಯ ಭೋಜ ಕಟ್ಟಿಸಿದನೆಂಬ ಮಾತಿದೆ. ಪನ್ಹಾಳಾದಿಂದ ಆಳಿದ ಅವನನ್ನು 13ನೆಯ ಶತಮಾನದ ಮೊದಲಿಗೆ ದೇವಗಿರಿಯ ಯಾದವ ಸಿಂಘಣ ಸೋಲಿಸಿದ. ಶಿವಾಜಿಯ ಕಾಲಕ್ಕೆ ಇದು ಮರಾಠರ ಗಡವಾಯಿತು. ಈಗ ಅಲ್ಲಲ್ಲಿ ಬಿದ್ದ ಗೋಡೆ, ನಡುವೆ ಮಂದಿಯ ಮನೆಗಳು, ಗುಡಿ, ಬಂಡೆಯೊಳಗೆ ಆಳಕ್ಕೆ ಕೊರೆದ ಬಾವಿ.

ಗೋಡೆ ನೋಡಿ ಹುಡುಗನಿಗೆ ನಿರಾಶೆಯಾಯಿತು. ಪುಸ್ತಕದ ಚಿತ್ರದಂತೆ ಗೋಪುರವಿಲ್ಲ, ತೋಪಿಲ್ಲ. ಬಾವಿಯ ಹತ್ತಿರ ಬಂದಾಗ ಮಾತ್ರ ಕಣ್ಣರಳಿಸಿ ನಿಂತ. ಕಲ್ಲು ಒಗೆಯಲು ಕೈ ಎತ್ತಿದ್ದನ್ನು ಅವನ ಅಜ್ಜ ಹಿಡಿದರು. ಊರವರ ಬಾವಿ, ಆಟಕ್ಕಲ್ಲ.

"ಕೋಟೆಗೆ ಇದೇ ಖಜಾನೆ," ಎಂದೆ ನಾನು. "ವೈರಿ ಬುಡದಲ್ಲಿ ಡೇರೆ ಹಾಕಿ ಕೂತರೆ ಗ್ವಾಡಿ ಎಷ್ಟು ದಪ್ಪ ಇದ್ರ ಏನು ಬಂತು? ನೀರು ತೀರಿದ ದಿನ ಬಾಗಿಲು ತೆರೀಬೇಕು."

ಲೆಕ್ಕ ಕೊಟ್ಟೆ. ಗಡದ ಮೇಲೆ ನೂರು ಮಂದಿ ಇದ್ದಾರೆ ಎಂದಿಟ್ಟುಕೊಳ್ಳಿ. ಕುಡಿಯಲು, ಅಡಿಗೆಗೆ ಒಬ್ಬರಿಗೆ ದಿನಕ್ಕೆ ಐದು ಲೀಟರ್. ಮುತ್ತಿಗೆ ಮೂರು ತಿಂಗಳು. ಮೊಮ್ಮಗಳು ನೆಲದ ಮೇಲೆ ಕಡ್ಡಿಯಿಂದ ಗೀಚಿ 45,000 ಲೀಟರ್ ಎಂದಳು. ಐದು ಸಾವಿರ ಲೀಟರಿನ ಟ್ಯಾಂಕರ್ ಆದರೆ ಒಂಬತ್ತು. ಕುದುರೆ, ಎಮ್ಮೆ, ಸ್ನಾನ ಇದರಲ್ಲಿ ಇಲ್ಲ. ಆಮೇಲೆ ಆ ಹುಡುಗ ಬಾವಿಯ ಮಗ್ಗುಲು ಬಿಟ್ಟು ಕದಲಲಿಲ್ಲ.

ಗುಡಿಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಕೊನೆಗೆ ನಮ್ಮೂರ ಕರದಂಟು. ತಿನ್ನುತ್ತ ನಾನು ಮಕ್ಕಳಿಗೆ ಶಿವಾಜಿಯ ಗಡಗಳ ಕಾರಭಾರ ಹೇಳಿದೆ. ಯುದ್ಧದ ಕಥೆಗಳು ಎಲ್ಲರಿಗೂ ಗೊತ್ತು, ನನಗೆ ರುಚಿಸುವುದು ಈ ಕಾರಭಾರವೇ. ಒಂದು ಗಡಕ್ಕೆ ಒಬ್ಬನೇ ಅಧಿಕಾರಿ ಇರುತ್ತಿರಲಿಲ್ಲ. ಹವಾಲ್ದಾರನ ಹತ್ತಿರ ಬಾಗಿಲ ಕೀಲಿಕೈ. ಸರ್ನೋಬತನ ಕೈಯಲ್ಲಿ ಕಾವಲು ದಂಡು. ಸಬನೀಸನ ಹತ್ತಿರ ಹಾಜರಿ ಮತ್ತು ಲೆಕ್ಕ. ಕಾಳುಕಡಿ, ಮದ್ದುಗುಂಡಿನ ಉಗ್ರಾಣಕ್ಕೆ ಕಾರಖಾನೀಸ. ಇವರೆಲ್ಲ ಒಂದೇ ಸಮಾಜದವರಾಗಿರುತ್ತಿರಲಿಲ್ಲ. ಒಬ್ಬ ಲಂಚ ತಿಂದು ಗಡವನ್ನು ವೈರಿಗೆ ಒಪ್ಪಿಸಲು ಹೋದರೆ ಉಳಿದವರು ಬಿಡಬಾರದು ಎಂಬುದು ಆಲೋಚನೆ.

ಗೆಳೆಯರು ರೊಟ್ಟಿ ಕೆಳಗಿಟ್ಟು ನನ್ನ ಮುಖ ನೋಡಿದರು. "ಅಂದ್ರ ಜಾಯಿಂಟ್ ಕಸ್ಟಡಿ!"

"ಹೂಂ ಮತ್ತ. ಆ ಸಬನೀಸ ನಮ್ಮ ಜಾತಿಯವ, ಗುಮಾಸ್ತರ ಜಾತಿ."

ಸಂಜೆ ಬಾಗಿಲು ಹಾಕಿದರೆ ಬೆಳಗಿನವರೆಗೆ ಯಾರಿಗೂ ತೆರೆಯುವಂತಿರಲಿಲ್ಲ. ರಾಯಗಡದ ಹಿರಕಣಿಯ ಕಥೆ ಇದೇ ನೇಮದಿಂದ ಹುಟ್ಟಿದ್ದು. ಹಾಲು ಮಾರಲು ಹೋದ ತಾಯಿ ಬಾಗಿಲು ಹಾಕಿದ ಮೇಲೆ ಮನೆಯಲ್ಲಿದ್ದ ಕೂಸಿಗಾಗಿ ಕಡಿದಾದ ಬಂಡೆ ಇಳಿದು ಹೋದಳಂತೆ. ಅಲ್ಲಿ ಅವಳ ಹೆಸರಿನ ಬುರುಜೇ ಇದೆ. ಮೊಮ್ಮಗಳು ಈ ಕಥೆಯನ್ನು ಎರಡು ಸಲ ಹೇಳಿಸಿಕೊಂಡಳು.

ಇನ್ನೊಂದು ಕಥೆಯನ್ನು ಮಕ್ಕಳಿಗಿಂತ ಹೆಚ್ಚಾಗಿ ನಮ್ಮಿಬ್ಬರಿಗೇ ಹೇಳಿಕೊಂಡಂತಾಯಿತು. ಸಂಕೇಶ್ವರದಿಂದ ಗಡಿ ದಾಟಿ ಗಡಹಿಂಗ್ಲಜದ ಕಡೆ ಹೋದರೆ ಸಾಮಾನಗಡ ಸಿಗುತ್ತದೆ. ಕೊಲ್ಲಾಪುರ ಸಂಸ್ಥಾನದ ಗಡಗಳನ್ನು ಕಾಯುತ್ತಿದ್ದವರಿಗೆ ಗಡಕರಿಗಳು ಎಂದು ಹೆಸರು. ತಂದೆಯ ನಂತರ ಮಗ, ಮಗನ ನಂತರ ಮೊಮ್ಮಗ. ಸಂಬಳದ ಬದಲು ಗಡಕ್ಕೆ ಸೇರಿದ ಹೊಲ ಅವರಿಗೆ. 1844ರಲ್ಲಿ ಬ್ರಿಟಿಷರು ನೇಮಿಸಿದ ಕಾರಭಾರಿ ದಾಜಿ ಕೃಷ್ಣ ಪಂಡಿತ ಆಡಳಿತ ಬಿಗಿ ಮಾಡಲು ಹೊರಟ. ಗಡಕರಿಗಳನ್ನೂ ಅವರ ಹೊಲಗಳನ್ನೂ ಗಡದ ಅಧಿಕಾರಿಗಳ ಕೈಯಿಂದ ತೆಗೆದು ಮಾಮಲೇದಾರರ ಕೈಗೆ ಕೊಡುವ ಹುಕುಮು ಬಂತು. ಹೊಲ ಹೋಯಿತು ಎಂದು ಅವರಿಗೆ ಭಯ. ಸಾಮಾನಗಡದವರು ಬಾಗಿಲು ಹಾಕಿಕೊಂಡು ಒಳಗೆ ಕೂತರು, ಭುದರಗಡದವರೂ ಹಾಗೇ ಮಾಡಿದರು. ಬೆಳಗಾವಿಯಿಂದ ಇಂಗ್ಲಿಷರ ದಂಡು ಹೋಯಿತು. ಅಕ್ಟೋಬರಿನಲ್ಲಿ ಸಾಮಾನಗಡ ಬಿತ್ತು. ಆಮೇಲೆ ಸಂಸ್ಥಾನದ ಗಡಗಳ ಗೋಡೆ ಬಾಗಿಲುಗಳನ್ನು ಮತ್ತೆ ಉಪಯೋಗಕ್ಕೆ ಬಾರದಂತೆ ಕೆಡವಿದರು.

ಮೊಮ್ಮಗಳ ಪುಸ್ತಕದಲ್ಲೂ ಇಂಥದೇ ಇತ್ತು. 1489ರಲ್ಲಿ ಸೈಪ್ರಸ್ ವೆನಿಸ್‌ನವರ ಕೈ ಸೇರಿತು. ಗುಡ್ಡದ ಕೋಟೆಗಳಲ್ಲಿ ಕಾವಲಿಡುವ ಖರ್ಚು ಬೇಡವೆಂದು ಅವರೂ ಅವನ್ನು ಕೆಡವಿ ಹಾಕಿದರು. ತೋಪಿನ ಪೆಟ್ಟಿಗೆ ಸಿಗದ ಕೋಟೆ ಖರ್ಚಿನ ಪಟ್ಟಿಗೆ ಸಿಕ್ಕಿತು.

ಗೆಳೆಯರು ಬಹಳ ಹೊತ್ತು ಮಾತಾಡಲಿಲ್ಲ. 2001ರಲ್ಲಿ ಅವರು ಸ್ವಯಂ ನಿವೃತ್ತಿ ತೆಗೆದುಕೊಂಡವರು. ಆಗ ದೇಶದ ಸರಕಾರಿ ಬ್ಯಾಂಕುಗಳಿಂದ ಲಕ್ಷದಷ್ಟು ಮಂದಿ ಹಾಗೆ ಹೊರಗೆ ಬಂದರು. ಕಂಪ್ಯೂಟರ್ ಬಂತು, ಲೆಜರು ಬರೆಯುವ ಕೈಗಳು ಹೆಚ್ಚಾದವು. ಕೊನೆಯ ದಿನ ಅವರು ಕೀಲಿಕೈಯನ್ನು ರಜಿಸ್ಟರಿನಲ್ಲಿ ಸಹಿ ಮಾಡಿ ಒಪ್ಪಿಸಿದ್ದನ್ನು ಎದುರಿಗೆ ನಿಂತು ನೋಡಿದವನು ನಾನು. ಒಪ್ಪಿಸಿದ ಮೇಲೂ ಕೈ ಹೋಗಿ ಹೋಗಿ ಅಂಗಿಯ ಕಿಸೆ ಮುಟ್ಟುತ್ತಿತ್ತು.

"ಆ ಗಡಕರಿಗಳ ಮಕ್ಕಳು ಮುಂದ ಏನ್ ಮಾಡಿರಬೇಕ್ರಿ?" ಎಂದು ಕೇಳಿದರು.

"ನಮ್ಮ ಲೆಜರಿನ್ಯಾಗ ಇದ್ರಲ್ಲ," ಎಂದೆ.

ತಮಾಷೆಗೆ ಹೇಳಿದ್ದಲ್ಲ. ಕಿಲ್ಲೇದಾರ, ಹವಾಲ್ದಾರ, ಸಬನೀಸ, ಕಾರಖಾನೀಸ, ಗಡಕರಿ ಇವೆಲ್ಲ ಒಂದು ಕಾಲದ ಹುದ್ದೆಗಳು. ಈಗ ಅಡ್ಡಹೆಸರುಗಳು. ಉಳಿತಾಯ ಖಾತೆಯ ಪುಟಗಳಲ್ಲಿ ಇಂಥ ಹೆಸರುಗಳನ್ನು ನಾನೇ ನನ್ನ ಕೈಯಾರೆ ಬರೆದಿದ್ದೇನೆ. ಹೊಲದ ಸಾಲ ಕೇಳಲು ಬಂದವರು, ಮಗಳ ಲಗ್ನಕ್ಕೆ ರೊಕ್ಕ ತೆಗೆಯಲು ಬಂದವರು. ಕಲ್ಲು ಕೆಡವಬಹುದು, ಪಾಸ್‌ಬುಕ್ಕಿನ ಹೆಸರು ಹಾಗೇ ಉಳಿದಿದೆ. ಮಕ್ಕಳೇ, ನಿಮ್ಮ ವರ್ಗದ ಹಾಜರಿ ಪುಸ್ತಕದಲ್ಲೂ ಒಮ್ಮೆ ಹುಡುಕಿ ನೋಡಿ.

ಇಳಿಯುವಾಗ ಹೆದ್ದಾರಿಯ ಗಾಡಿಗಳ ಸದ್ದು ಮೇಲಿನ ತನಕ ಕೇಳುತ್ತಿತ್ತು. ಇಳಿಜಾರು ಮೊಣಕಾಲಿಗೆ ಹತ್ತುವುದಕ್ಕಿಂತ ಕಠಿಣ. ಹೋಗುವ ಹಿರಿಯರು ಕೋಲು ಮರೆಯಬಾರದು. ನಮ್ಮ ಹತ್ತಿರ ಇದ್ದದ್ದು ಒಂದೇ ಕೋಲು, ಅದನ್ನು ಸರದಿಯಂತೆ ಹಿಡಿದೆವು.

ಸೂಟಿ ಮುಗಿದು ವಾರವಾಗಿರಲಿಲ್ಲ, ಮೂಡಲಗಿಯಿಂದ ಫೋನು ಬಂತು. "ಅಜ್ಜಾ, ನಮ್ಮ ವರ್ಗದಾಗ ಒಬ್ಬ ಕಿಲ್ಲೇದಾರ ಅದಾನ! ಅವಗ ಅದು ಯಾವುದೋ ಊರಿನ ಹೆಸರು ಅನಿಸಿತ್ತಂತ. ನಾನು ಹೇಳಿದೆ." ಹುಡುಗ ಈಗ ತನ್ನ ಅಜ್ಜನನ್ನು ಕೇಳುತ್ತಿದ್ದಾನಂತೆ, ನಮ್ಮದು ಯಾವ ಗಡ ಎಂದು.