ಎರಡು ಕೆರೆಗಳ ಹಾಡು

ಹಳ್ಳಿಯನ್ನು ಬಿಟ್ಟು ಪಟ್ಟಣದಲ್ಲಿ ಮನೆಮಾಡಿದವರ ಸಾಮಾನುಗಳ ಜೊತೆಯಲ್ಲಿ ಒರಳು, ಬೀಸುವ ಕಲ್ಲು, ಹಿತ್ತಾಳೆಯ ಕೊಳಗ ಮುಂತಾದುವು ಹೇಗೋ ಬಂದು ಸೇರುತ್ತವೆ. ಹಾಡು ಮಾತ್ರ ದಾರಿಯಲ್ಲಿಯೇ ಉಳಿದುಬಿಡುತ್ತದೆ. ಇದಕ್ಕೆ ಮರೆವು ಕಾರಣವಲ್ಲ. ನಮ್ಮ ಹೆಂಗಸರ ಹಾಡು ಕೆಲಸಕ್ಕೆ ಕಟ್ಟುಬಿದ್ದದ್ದು. ಹಿಟ್ಟಿನ ಗಿರಣಿಯು ಬೀದಿಯ ಕೊನೆಯಲ್ಲಿಯೇ ಇರುವಾಗ ಕೋಳಿ ಕೂಗುವ ಹೊತ್ತಿಗೆ ಎದ್ದು ರಾಗಿ ಬೀಸುವವರಾರು? ಬೀಸದಿದ್ದ ಮೇಲೆ ಹಾಡುವವರಾರು? ಇದರ ಮೇಲೆ ಸಂಕೋಚವೊಂದು ಬೇರೆ. ಕೂಲಿಯವರ ಹಾಡೆಂದು ಮೂಗುಮುರಿಯುವ ನೆರೆಯವರ ನಡುವೆ ಗಂಟಲೆತ್ತುವುದಕ್ಕೆ ಯಾರಿಗೆ ಧೈರ್ಯವಿದ್ದೀತು?

ನಾವು ಆಗ ಇದ್ದದ್ದು ರಾಜಾಜಿನಗರದ ಒಂದು ವಠಾರದಲ್ಲಿ. ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರಿಯವರ ಹೆಸರನ್ನು ಹೊತ್ತು ೧೯೪೯ರಿಂದ ಬೆಳೆದುಬಂದ ಈ ಬಡಾವಣೆಗೆ ಕಾರ್ಖಾನೆಗಳ ಕೆಲಸವನ್ನು ನಂಬಿ ನಾಲ್ಕು ಕಡೆಯ ಜನರೂ ಬಂದು ಸೇರಿದ್ದರು. ಗಾಳಿ ಇತ್ತ ತಿರುಗಿದ ದಿನ ಸಾಬೂನು ಕಾರ್ಖಾನೆಯ ಗಂಧದ ವಾಸನೆಯು ನಮ್ಮ ಅಂಗಳದವರೆಗೂ ಬರುತ್ತಿತ್ತು. ದೊಡ್ಡಪ್ಪನವರು ತೀರಿಕೊಂಡ ಮೇಲೆ ನಾಗಮಂಗಲದ ಕಡೆಯ ಹಳ್ಳಿಯಿಂದ ನಮ್ಮ ದೊಡ್ಡಮ್ಮನವರೂ ಅಲ್ಲಿಗೆ ಬಂದರು. ಬಂದ ಹೊಸದರಲ್ಲಿ ಒಂದು ದಿನ ಅಕ್ಕಿ ಆರಿಸುತ್ತ ಅವರು ಸೋಬಾನೆಯ ಪದವೊಂದನ್ನು ಗುನುಗಿಕೊಂಡಾಗ, ಪಕ್ಕದ ಮನೆಯ ಯಜಮಾನಿತಿಯೊಬ್ಬರು, "ಏನಮ್ಮಾ, ಇದೇನು ಗದ್ದೆಯ ಬದುವೆ?" ಎಂದು ನಕ್ಕರು. ಆ ದಿನದಿಂದ ದೊಡ್ಡಮ್ಮನವರು ನಾಲ್ಕು ವರ್ಷ ಹಾಡಲಿಲ್ಲ.

ಅದೇ ಮನೆಗೆ ಹಾವೇರಿಯ ಕಡೆಯಿಂದ ನಮ್ಮ ಅತ್ತಿಗೆಯವರು ಸೊಸೆಯಾಗಿ ಬಂದರು. ಇಬ್ಬರದೂ ಕನ್ನಡವೇ, ಆದರೆ ಒಬ್ಬರ ಕನ್ನಡವು ಇನ್ನೊಬ್ಬರಿಗೆ ಮುಳ್ಳಾಯಿತು. ದೊಡ್ಡಮ್ಮನವರು ಪ್ರೀತಿಯಿಂದಲೇ "ಬಾರೇ, ಉಣ್ಣೇ" ಎಂದರೆ ಅತ್ತಿಗೆಯವರಿಗೆ ಅದು ಗದರಿದಂತೆ ಕೇಳುವುದು. ಅತ್ತಿಗೆಯವರು ಮರ್ಯಾದೆಯಿಂದ "ಹೌದ್ರಿ, ಇಲ್ರಿ" ಎಂದರೆ, ಈ ಹುಡುಗಿ ತಮ್ಮನ್ನು ಹೊರಗಿನವರಂತೆ ಕಾಣುತ್ತಾಳೆಂದು ದೊಡ್ಡಮ್ಮನವರಿಗೆ ನೋವು. ಆಷಾಢಕ್ಕೆ ತವರಿಗೆ ಹೋದ ಅತ್ತಿಗೆಯವರು ಶ್ರಾವಣ ಕಳೆದರೂ ಹಿಂದಿರುಗಲಿಲ್ಲ. ಅಣ್ಣನೇ ಹೋಗಿ ಕರೆತರಬೇಕಾಯಿತು. ಮನೆಯೊಳಗೆ ಜಗಳವಿರಲಿಲ್ಲ, ಮಾತೇ ಇರಲಿಲ್ಲ. ಜಗಳಕ್ಕಿಂತ ಇದು ಕಷ್ಟವೆಂದು ಅನುಭವಿಸಿದವರೆಲ್ಲ ಬಲ್ಲರು.

ಈ ನಡುವೆ ಅಣ್ಣನು ಕಂತಿನ ಮೇಲೆ ಒಂದು ಟೇಪ್ ರೆಕಾರ್ಡರನ್ನು ಕೊಂಡುತಂದನು. ಹಿಂದಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷಕ್ಕಿಂತ ಹೆಚ್ಚಿನ ಹಾಡು ಹಿಡಿಯುತ್ತಿರಲಿಲ್ಲ. ಸುರುಳಿಯಲ್ಲಿ ಮಗ್ಗುಲಿಗೆ ಅರ್ಧ ಗಂಟೆ. ಬೆಲೆಯೂ ಸಾಧಾರಣ ಸಂಸಾರಕ್ಕೆ ಎಟಕುವಂಥದು. ೧೯೭೮ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಸುರುಳಿಯು ಬಂದ ಮೇಲೆ ಕನ್ನಡದ ಹಾಡಿಗೆ ಮನೆಮನೆಯಲ್ಲಿಯೂ ಒಂದು ಮಣೆ ದೊರೆಯಿತು. ಅದರ ಬೆನ್ನಿಗೇ ಜನಪದಗೀತೆಗಳ ಸುರುಳಿಗಳೂ ಬಂದುವು. ಅಣ್ಣನು ತಂದದ್ದು ಬಿ. ಕೆ. ಸುಮಿತ್ರಾ ಅವರು ಹಾಡಿದ ಸುರುಳಿ. 'ಉಪಾಸನೆ' ಚಿತ್ರದಲ್ಲಿ ಸಂಪಿಗೆಯ ಮರದ ಹಾಡನ್ನು ಹಾಡಿ ೧೯೭೪ರಲ್ಲಿಯೇ ಮನೆಮಾತಾಗಿದ್ದ ಮಲೆನಾಡಿನ ಗಾಯಕಿ ಅವರು.

ಸುರುಳಿಯಲ್ಲಿ ಮದಗದ ಕೆರೆಗೆ ಮಳೆ ಬಂದ ಹಾಡಿತ್ತು. ವಾಚಕರಲ್ಲಿ ಅದನ್ನು ಕೇಳದವರು ವಿರಳ. ಚಿಕ್ಕದೊಂದು ಮೋಡ ಕಾಣಿಸಿಕೊಂಡು, ಗಾಳಿಯೆದ್ದು, ಗುಡುಗಿ, ಕೆರೆಯು ತುಂಬಿ ಏರಿಯೇ ನಿಲ್ಲದೇನೋ ಎನ್ನುವವರೆಗೆ ಆ ಹಾಡು ನೀರಿನಂತೆಯೇ ಏರುತ್ತ ಹೋಗುತ್ತದೆ. ಅಡಿಗೆಮನೆಯಲ್ಲಿದ್ದ ದೊಡ್ಡಮ್ಮನವರು ಕೈ ಒರಸಿಕೊಂಡು ಬಂದು ಬಾಗಿಲಲ್ಲಿ ನಿಂತರು. ಮುಗಿಯುವವರೆಗೂ ನಿಂತು, "ಈವಮ್ಮ ಯಾವತ್ತೂ ರಾಗಿ ಬೀಸಿಲ್ಲ ಕಣೋ. ಬೀಸೋಳಿಗೆ ಇಷ್ಟುದ್ದ ಉಸಿರು ಎಲ್ಲಿಂದ ಬಂದಾತು?" ಎಂದರು. ಬಳಿಕ ಸ್ವಲ್ಪ ತಡೆದು, "ಆದ್ರೂ ಮಾತು ಮುಕ್ಕಾಗಿಲ್ಲ. ಇನ್ನೊಂದು ಸಲ ಹಾಕು" ಎಂದರು.

ಈ ಎರಡು ಮಾತುಗಳಲ್ಲಿ ದೊಡ್ಡ ವಿಮರ್ಶೆಯೇ ಅಡಗಿದೆಯೆಂದು ನಮಗೆ ತೋರುತ್ತದೆ. ಬೀಸುವ ಕಲ್ಲಿನ ಹಾಡಿನಲ್ಲಿ ಉಸಿರಿನ ಅಳತೆಯು ತೋಳಿನದು. ಕಲ್ಲು ಒಂದು ಸುತ್ತು ಬರುವಷ್ಟರಲ್ಲಿ ಮಾತು ಮುಗಿಯಬೇಕು. ತ್ರಿಪದಿಯನ್ನು ಹಾಡುವ ಹೆಂಗಸರು ಎರಡನೆಯ ಸಾಲಿನ ಭಾಗವನ್ನು ಮರಳಿ ಹೇಳಿಕೊಳ್ಳುವುದೂ, ಮುಂದಿನ ಮಾತನ್ನು ಹವಣಿಸಿಕೊಳ್ಳುವ ಬಿಡುವಿಗಾಗಿಯೇ ಎಂದು ನಾವು ಊಹಿಸುತ್ತೇವೆ. ಸುರುಳಿಯ ಹಾಡಿಗಾದರೋ ಕೊಳಲಿದೆ, ತಬಲವಿದೆ, ದಣಿವಿಲ್ಲ. ಆದರೆ ಸುಮಿತ್ರಾ ಅವರು ಹಳ್ಳಿಯವಳಂತೆ ನಟಿಸಲೂ ಇಲ್ಲ, ಹಳ್ಳಿಯ ಮಾತನ್ನು ತಿದ್ದಿ ಪುಸ್ತಕದ ಮಾತು ಮಾಡಲೂ ಇಲ್ಲ. ಪ್ರತಿಯೊಂದಕ್ಷರವನ್ನೂ ಸ್ಪಷ್ಟವಾಗಿ, ಆದರೆ ಮೆತ್ತಗೆ ಇಟ್ಟುಹೋಗುತ್ತಾರೆ. ಪಟ್ಟಣದಲ್ಲಿ ನೆಲೆಸಿದ ಹೆಂಗಸೊಬ್ಬಳು ತನ್ನ ತವರನ್ನು ನಾಚಿಕೆಯಿಲ್ಲದೆ ನೆನೆಯುವ ದನಿ ಅದು. ಅದನ್ನು ಕೇಳಿದವರಿಗೆಲ್ಲ ಅದು ಹಿಡಿಸಿದ್ದಕ್ಕೆ ಕಾರಣವು ಇದೇ ಇರಬೇಕು.

ಮೂರನೆಯ ಸಲ ಹಾಕಿದಾಗ ದೊಡ್ಡಮ್ಮನವರು, "ಇಲ್ಲಿ ಒಂದು ನುಡಿ ಬುಟ್ಟವ್ರೆ" ಎಂದು ಹೇಳಿ, ಬಿಟ್ಟ ನುಡಿಯನ್ನು ತಾವೇ ಹಾಡಿದರು. ನಾಲ್ಕು ವರ್ಷದ ಮೇಲೆ ಕೇಳಿದ ಆ ದನಿಯು ತುಕ್ಕು ಹಿಡಿದ ಕೀಲಿನಂತೆ ಕಿರುಗುಟ್ಟಿತು, ನಿಲ್ಲಲಿಲ್ಲ. ಆಗ ಒಳಗಿನಿಂದ ಅತ್ತಿಗೆಯವರು ಬಂದು ಮೆಲ್ಲಗೆ, "ನಮ್ಮ ಕಡೆನೂ ಒಂದ್ ಕೆರಿ ಹಾಡ ಐತ್ರಿ, ಅತ್ತಿ" ಎಂದರು. ತಾವಾಗಿ ಅವರು ಆಡಿದ ಮೊದಲ ಮಾತು ಅದು.

"ಹೇಳವ್ವ" ಎಂದರು ದೊಡ್ಡಮ್ಮ.

ಅತ್ತಿಗೆಯವರು ಹಾಡಿದ್ದು 'ಕೆರೆಗೆ ಹಾರ'. ಮದಗದ ಕೆರೆಯಲ್ಲಿ ನೀರು ಹೆಚ್ಚಾಯಿತೆಂಬ ಕಥೆ. ಇದು, ಕಟ್ಟಿಸಿದ ಕೆರೆಯಲ್ಲಿ ತೊಟ್ಟು ನೀರೂ ಬಾರದ ಕಥೆ. ಊರ ಗೌಡನ ಕಿರಿಯ ಸೊಸೆ ಭಾಗೀರಥಿಯನ್ನು ಕೆರೆಗೆ ಬಲಿಗೊಡುವುದೆಂದು ಮನೆಯವರು ನಿಶ್ಚಯಿಸುತ್ತಾರೆ. ಅದನ್ನರಿತ ಅವಳು ತವರಿಗೆ ಹೋಗುತ್ತಾಳೆ. ತಂದೆ, ತಾಯಿ, ಅಕ್ಕ ಒಬ್ಬೊಬ್ಬರೂ ಬಾಡಿದ ಮುಖಕ್ಕೆ ಕಾರಣ ಕೇಳಿದರೂ, ತನ್ನನ್ನು ಮನೆಯಿಂದ ಬೇರೆ ಇಡುತ್ತಾರೆಂದು ಸುಳ್ಳು ಹೇಳುತ್ತಾಳೆ. ನಿಜವನ್ನು ಹೇಳುವುದು ಗೆಳತಿಯೊಬ್ಬಳಿಗೆ ಮಾತ್ರ. ಆ ಗೆಳತಿಯಾದರೂ ಕೊಟ್ಟ ಮನೆಯವರು ಇಟ್ಟಂತೆ ಇರಬೇಕೆಂದು ಬುದ್ಧಿಹೇಳುತ್ತಾಳೆ. ಅವಳು ಹಿಂದಿರುಗಿ ಬಂದು ಕೆರೆಗೆ ಹಾರವಾಗುತ್ತಾಳೆ. ದಂಡಿನಿಂದ ಬಂದ ಗಂಡನೂ ಅದೇ ನೀರಿಗೆ ಹಾರುತ್ತಾನೆ.

ವಾದ್ಯವಿಲ್ಲ, ದೀಪ ಹಚ್ಚುವ ಹೊತ್ತು ಮೀರಿದರೂ ಯಾರೂ ಏಳಲಿಲ್ಲ. ಹಾಡು ಮುಗಿದ ಮೇಲೆ ದೊಡ್ಡಮ್ಮನವರು, "ಹೆತ್ತ ತಾಯಿಗೂ ಹೇಳ್ನಿಲ್ವಾ ಅವಳು?" ಎಂದು ಕೇಳಿದರು.

"ಇಲ್ರಿ. ಗೆಳತಿಗಷ್ಟ ಹೇಳಿದ್ಲು."

ದೊಡ್ಡಮ್ಮನವರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, "ನೀನು ಹಂಗೆ ಮಾಡಬೇಡ ಕಣವ್ವ. ಏನಿದ್ರೂ ನಂಗ್ ಹೇಳು" ಎಂದರು. ಅತ್ತಿಗೆಯವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಕ್ಕೆ ಹೋದರು. ಆ ವರ್ಷದ ಆಷಾಢಕ್ಕೆ ತವರಿಗೆ ಹೋದವರು ತಾವೇ ದಿನ ನೋಡಿ ಹಿಂದಿರುಗಿದರು.

ಪಕ್ಕದ ಮನೆಯ ಯಜಮಾನಿತಿಯವರ ಮಾತನ್ನೂ ಹೇಳಬೇಕು. ಅವರು ಆ ಸುರುಳಿಯನ್ನು ಎರವಲು ಪಡೆದು ಹದಿನೈದು ದಿನ ಕೊಡಲಿಲ್ಲ. ಮಗಳ ಮದುವೆ ಗೊತ್ತಾದಾಗ ತಾವೇ ಬಂದು, ಸೋಬಾನೆ ಹೇಳಿಕೊಡಬೇಕೆಂದು ದೊಡ್ಡಮ್ಮನವರನ್ನು ಕುಂಕುಮವಿಟ್ಟು ಕರೆದರು. ಪೆಟ್ಟಿಗೆಯೊಳಗಿಂದ ಬಂದರೆ ಗೌರವ, ಬಾಯಿಂದ ಬಂದರೆ ಅಲ್ಲ ಎಂಬ ಈ ನ್ಯಾಯವು ನಮಗೆ ಅಂದೂ ಒಪ್ಪಿಗೆಯಾಗಲಿಲ್ಲ, ಇಂದೂ ಇಲ್ಲ. ದೊಡ್ಡಮ್ಮನವರಿಗೆ ಅಂಥ ಹಟವಿರಲಿಲ್ಲ. ಹೋದರು, ಹಾಡಿದರು.

ಸುರುಳಿಗಿಂತ ಬಹು ಹಿಂದೆಯೇ, ೧೯೩೧ರಲ್ಲಿ, ಮಧುರಚೆನ್ನರೇ ಮೊದಲಾದ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಎಂದು ಹೆಂಗಸರ ತ್ರಿಪದಿಗಳನ್ನು ಅಚ್ಚುಹಾಕಿಸಿದ್ದರು. ಪುಸ್ತಕವು ಓದುಬಲ್ಲವರಿಗೆ ಮಾತ್ರ ತಲಪಿತು. ಇನ್ನು ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಸುಕ್ರಿ ಬೊಮ್ಮಗೌಡರಂಥವರ ಹಾಡಿಗೆ ಪುಸ್ತಕವೂ ಬೇಡ, ತಬಲವೂ ಬೇಡ. ಅಕ್ಷರ ಕಲಿಯದ ಆ ಹೆಂಗಸಿಗೆ ೨೦೧೭ರಲ್ಲಿ ಪದ್ಮಶ್ರೀ ಬಂದಿತು. ೨೦೨೫ರಲ್ಲಿ ಅವರು ತೀರಿಕೊಂಡರು. ಅವರ ದನಿಯನ್ನು ಮುದ್ರಿಕೆಯಲ್ಲಿ ಕೇಳಿದಾಗ, ದೊಡ್ಡಮ್ಮನವರು ಉಸಿರಿನ ವಿಷಯವಾಗಿ ಹೇಳಿದ್ದು ನಮಗೆ ನೆನಪಿಗೆ ಬರುತ್ತದೆ. ಅದು ದುಡಿದ ಮೈಯ ಉಸಿರು. ಸುಮಿತ್ರಾ ಅವರದು ಹಾಗಲ್ಲ. ಆದರೆ ರಾಜಾಜಿನಗರದ ನಮ್ಮ ನಡುಮನೆಗೆ ಅಂದು ಮೊದಲು ಬರಬಹುದಾಗಿದ್ದದ್ದು ಅವರ ದನಿಯೇ.

ದೊಡ್ಡಮ್ಮನವರು ಈಗಿಲ್ಲ. ಆ ಸುರುಳಿಯು ತೇವ ಹಿಡಿದು, ಸುತ್ತು ಸಡಿಲಿ, ಕಪಾಟಿನಲ್ಲಿದೆ. ಅಣ್ಣನ ಸಂಸಾರವು ಕೆಂಗೇರಿಗೆ ಹೋಯಿತು. ಬಿಟ್ಟುಹೋದ ನುಡಿಗಳನ್ನೆಲ್ಲ ದೊಡ್ಡಮ್ಮನವರಿಂದ ಹೇಳಿಸಿ ಬರೆದುಕೊಂಡ ನೋಟುಪುಸ್ತಕವು ಅತ್ತಿಗೆಯವರಲ್ಲಿದೆ. ನೆರೆಹೊರೆಯ ಮದುವೆಗಳಲ್ಲಿ ಅವರನ್ನು ಹಾಡಲು ಕರೆಯುತ್ತಾರೆ. ನಾಗಮಂಗಲದ ಸೋಬಾನೆಯನ್ನು ಅವರು ಹಾವೇರಿಯ ನಾಲಗೆಯಲ್ಲಿಯೇ ಹಾಡುತ್ತಾರೆ.